ದಕ್ಷಿಣಕ್ಕೆ ತಿರುಗಿದ ಲಾವಾ

ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಐಸ್‌ಲ್ಯಾಂಡಿನ ಆ ಕಪ್ಪು ಕಡಿದಾದ ಬಂಡೆಯಿಂದ ಕಲ್ಲಿನ ತುಂಡುಗಳನ್ನು ಕೊರೆದು ತರಬೇಕಿತ್ತು. ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಅಂದಿನ ಉತ್ತರ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಇಲ್ಲಿನ ಒಂದು ಪದರದಲ್ಲಿ ಅವು ದಕ್ಷಿಣಕ್ಕೆ ತಿರುಗಿವೆ, ಅಂದರೆ ಆಗ ಭೂಮಿಯ ಕಾಂತಧ್ರುವಗಳೇ ಅದಲುಬದಲಾಗಿದ್ದವು ಎಂಬುದು ಉನ್ನೂರಳ ವಾದ. ಈ ಸಲವೂ ಪುರಾವೆ ಸಿಗದಿದ್ದರೆ ಅವಳ ಸಂಶೋಧನೆಗೆ ಬಾಗಿಲು ಮುಚ್ಚಿದಂತೆಯೇ. ಮೊದಲಿನಿಂದಲೂ ಇದಕ್ಕೆ ವಿರುದ್ಧವಾಗಿ ಬರೆದುಕೊಂಡು ಬಂದಿದ್ದ ಗುರು ಕೇಟಿಲ್ ತಾನಾಗಿಯೇ ಜೊತೆಗೆ ಹೊರಟಿದ್ದರು. ಅವಳಿಗೆ ಅದೇ ದೊಡ್ಡ ಧೈರ್ಯ.

ಕೊರೆತ ಮುಗಿಯಿತು. ಒಣಮೀನಿಗೆ ಬೆಣ್ಣೆ ಸವರಿ ತಿಂದರು. ಕೇಟಿಲ್ ಕಲ್ಲುತುಂಡುಗಳ ಚೀಲ ಕಟ್ಟಿ ಅವಳಿಗೆ ಕೊಟ್ಟು, ಡ್ರಿಲ್ ಹೊತ್ತು ಮುಂದೆ ನಡೆದರು.

ಹಿಮನದಿಯ ಹೊಳೆ ಉಬ್ಬಿತ್ತು. ಕೇಟಿಲ್ ದಾಟಿದರು. ನಡುನೀರಿನಲ್ಲಿ ಉನ್ನೂರಳ ಕಾಲು ಜಾರಿತು.

"ಚೀಲ ಬಿಡೇ!" ಆಚೆ ದಡದಲ್ಲಿ ಜೀಪಿನೊಂದಿಗೆ ಕಾಯುತ್ತಿದ್ದ ಗೆಳತಿ ಸೋಲ್ರೂನ್ ಹಗ್ಗ ಎಸೆದು ಕೂಗಿದಳು. "ಕಲ್ಲಿಗೋಸ್ಕರ ಸಾಯ್ತೀಯಾ?"

ಉನ್ನೂರ್ ಹಗ್ಗ ಹಿಡಿದಳು. ಚೀಲ ಬಿಡಲಿಲ್ಲ.

ದಡದಲ್ಲಿ ಬಗ್ಗಿ ಚೀಲ ಬಿಚ್ಚುವಾಗ ಕೊರಳಿನ ದಿಕ್ಸೂಚಿಯ ಮುಳ್ಳು ಹುಚ್ಚೆದ್ದು ತಿರುಗಿತು. ಇಷ್ಟು ಚಿಕ್ಕ ಕಲ್ಲುಗಳಿಗೆ ಅಷ್ಟು ಬಲ ಇರುವುದಿಲ್ಲ. ಅವಳು ತಡಕಾಡಿದಳು. ತುಂಡುಗಳ ನಡುವೆ, ಉಣ್ಣೆಯ ಕಾಲುಚೀಲದಲ್ಲಿ ಸುತ್ತಿಟ್ಟ ಅಯಸ್ಕಾಂತವಿತ್ತು. ಕಲ್ಲುಗಳ ಹಳೆಯ ನೆನಪೆಲ್ಲ ಕೆಟ್ಟುಹೋಗಿತ್ತು.

"ಕಾಲುಚೀಲ ನಿಮ್ದು," ಎಂದಳು.

ಕೇಟಿಲ್ ಹೊಳೆಯ ಕಡೆ ನೋಡಿದರು. "ನಿಂಗಿನ್ನೂ ವಯಸ್ಸಿದೆ, ಉನ್ನೂರ್. ಬೇರೆ ಬೆಟ್ಟ ಸಿಗುತ್ತೆ. ನಂಗಿರೋದು ನಾನು ಬರೆದಿರೋ ಈ ವಾದ ಒಂದೇ."

"ನಾನು ಮುಳುಗ್ತಿದ್ದಾಗಲಾದ್ರೂ ಹೇಳ್ಬಹುದಿತ್ತಲ್ಲ, ಬಿಟ್ಟುಬಿಡು, ಅದರಲ್ಲೇನೂ ಉಳಿದಿಲ್ಲ ಅಂತ?"

ಕೇಟಿಲ್ ಡ್ರಿಲ್ಲನ್ನು ಹೆಗಲಿನಿಂದ ಕೆಳಗಿಳಿಸಿದರು.

ಸೋಲ್ರೂನ್ ಹಗ್ಗದ ತುದಿಯನ್ನು ಜೀಪಿಗೆ ಬಿಗಿದಳು. "ಅಳೋದಾದ್ರೆ ಆಮೇಲೆ ಅಳು. ಮೋಡ ಬರ್ತಿದೆ. ಡ್ರಿಲ್ ನಾನು ಹೊರ್ತೀನಿ, ನಡಿ."

ಹೆಂಗಸರಿಬ್ಬರೂ ತೋಳಿಗೆ ತೋಳು ಸೇರಿಸಿ ಮತ್ತೆ ನೀರಿಗಿಳಿದರು.

ಇಡೀ ಬಂಡೆಯ ಸೆಳೆತಕ್ಕೆ ಮುಳ್ಳು ವಾಲುವುದರಿಂದ ಅದರ ಬಳಿ ದಿಕ್ಸೂಚಿಯನ್ನು ನಂಬುವಂತಿಲ್ಲ. ದಿಕ್ಕು ಗುರುತಿಸಲು ಸೂರ್ಯನ ನೆರಳೇ ಬೇಕು. ಮೋಡ ಸರಿದಾಗಲೆಲ್ಲ ಉನ್ನೂರ್ ನೆರಳು ಹಿಡಿದಳು, ಕಲ್ಲಿನ ಮೇಲೆ ಉತ್ತರ ತೋರುವ ಬಾಣದ ಗುರುತು ಗೀಚಿದಳು, ತುಂಡು ಮುರಿದು ತೆಗೆದಳು. ಬೆರಳುಗಳು ಸೆಟೆದುಕೊಂಡವು. ಆರು ತುಂಡುಗಳಷ್ಟೇ ಸಿಕ್ಕವು. ಅಷ್ಟು ಸಾಕಿತ್ತು.

ಮರಳಿ ದಾಟುವಾಗ ನೀರು ಎದೆಮಟ್ಟಕ್ಕೆ ಬಂದಿತ್ತು. ಕೇಟಿಲ್ ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ಕೈ ಚಾಚಿದರು. ಉನ್ನೂರ್ ಹಗ್ಗವನ್ನೇ ಹಿಡಿದು ದಡ ಹತ್ತಿದಳು.

ಜೀಪಿನಲ್ಲಿ ಅವಳು ಒಂದು ತುಂಡನ್ನು ದಿಕ್ಸೂಚಿಯ ಬಳಿ ಹಿಡಿದಳು. ದೂರ ಸರಿಯಬೇಕಿದ್ದ ಮುಳ್ಳಿನ ಉತ್ತರದ ಮೊನೆ ಬಾಣದ ತುದಿಯತ್ತಲೇ ತುಸು ವಾಲಿತು. ತಲೆಕೆಳಗು, ಅವಳು ಹೇಳಿದಂತೆಯೇ. ಕೇಟಿಲ್ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು.

ಊರು ದೂರವಿತ್ತು. ಉನ್ನೂರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ನಿದ್ದೆ ಮಾಡದೆ ಕೂತಳು.