ಬಸ್ತಿಹಳ್ಳಿ ಏರಿನ ನಿಟ್ಟುಸಿರು

"ರೀ... ಬಿಡ್ರೀ ನನ್ನ! ದಯವಿಟ್ಟು ಬಿಟ್ಬಿಡಿ..."

ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಅಳುತ್ತಿದ್ದ ನಯನಾಳಿಗೆ ಕಿಟಕಿಯ ಪಕ್ಕ ಯಾರೋ ಬಂದು ನಿಂತದ್ದೇ ಗೊತ್ತಾಗಲಿಲ್ಲ.

"ನನ್ನನ್ನ ಕರೆದ್ರಾ ಮೇಡಂ?"

ಗಂಡಸಿನ ದನಿ! ಬೆಚ್ಚಿಬಿದ್ದು ತಲೆಯೆತ್ತಿದಳು. ಮುಸ್ಸಂಜೆಯ ಮಬ್ಬಿನಲ್ಲಿ ಒಬ್ಬ ಬೈಕ್ ನಿಲ್ಲಿಸಿ ಬಗ್ಗಿ ನೋಡುತ್ತಿದ್ದ.

"ಇಲ್ಲ... ನಿಮ್ಮನ್ನಲ್ಲ."

ಅವನು ಖಾಲಿಯಿದ್ದ ಪಕ್ಕದ ಸೀಟನ್ನೊಮ್ಮೆ ನೋಡಿದ. ಯಾರನ್ನು ಕರೆದಿರಿ ಎಂದು ಮಾತ್ರ ಕೇಳಲಿಲ್ಲ.

"ನಾನು ಬೀರೇಶ್. ಹಳೇಬೀಡಲ್ಲಿ ಗ್ಯಾರೇಜ್ ಐತೆ. ನಿಮ್ಮ ಹಿಂದೇನೇ ಬತ್ತಿದ್ದೆ. ಗಾಡಿ ಏರು ಹತ್ತೋಕೆ ಒದ್ದಾಡ್ತಿತ್ತು, ಕಪ್ಪು ಹೊಗೆ ಬೇರೆ. ನಾಳೆ ತಂದು ತೋರ್ಸಿ."

ನಯನಾ ತಲೆಯಾಡಿಸಿದಳು. ಆದರೆ ಇದು ಗ್ಯಾರೇಜಿನಲ್ಲಿ ವಾಸಿಯಾಗುವ ಕಾಯಿಲೆಯೇ?

ಎರಡು ವರ್ಷದ ಹಿಂದೆ ಇದೇ ಏರಿನಲ್ಲಿ ಅವಳ ಗಂಡ ಉಮೇಶ್ ಎದೆ ಹಿಡಿದುಕೊಂಡು ಕಾರನ್ನು ಪಕ್ಕಕ್ಕೆ ಹಾಕಿದ್ದ. ಒಂದು ದೀರ್ಘ ನಿಟ್ಟುಸಿರು... ಅಷ್ಟೇ. ಪಕ್ಕದಲ್ಲೇ ಕೂತಿದ್ದ ಅವಳ ಕಡೆ ಅವನು ಮತ್ತೆ ತಿರುಗಲೇ ಇಲ್ಲ.

ಆಮೇಲೆ ಕಾರು ಬಹುಕಾಲ ತೆಂಗಿನಕಾಯಿ ಶೆಡ್ಡಿನಲ್ಲಿ ಧೂಳು ತಿಂದಿತು. ಬೇಲೂರಿನ ಶಾಲೆಗೆ ಪಾಠ ಮಾಡಲು ಹೋಗಿಬರುವುದಕ್ಕೆಂದು ನಯನಾ ಈಚೆಗಷ್ಟೇ ಅದನ್ನು ಹೊರತೆಗೆದಿದ್ದಳು. ಮಟ್ಟ ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಈ ಏರು ಬಂದರೆ ಸಾಕು, ಕಾರಿನ ಶಕ್ತಿಯೆಲ್ಲ ಉಡುಗಿಹೋಗುತ್ತಿತ್ತು. ಆಗಲೇ ಎಲ್ಲಿಂದಲೋ... ಹಸ್ಸ್... ಅದೇ ನಿಟ್ಟುಸಿರು!

'ನನ್ನನ್ನ ಇಲ್ಲೇ ಬಿಟ್ಟು ಹೋಗ್ತೀಯಾ ನಯನಾ?' ಎಂದು ಕೇಳಿದ ಹಾಗೆ.

ಅತ್ತೆ ಅನುಸೂಯಮ್ಮ ಆ ಕಾರಿನಲ್ಲಿ ಒಮ್ಮೆ ಕೂತು ಬಂದವರು ಮತ್ತೆ ಹತ್ತಲಿಲ್ಲ. ಯಾಕೆಂದು ಹೇಳಲೂ ಇಲ್ಲ. 'ಮಗನನ್ನ ಉಳಿಸಿಕೊಳ್ಳಲಿಲ್ಲ ಅಂತ ನನ್ನ ಮೇಲೆ ಕೋಪ' ಎಂದುಕೊಂಡು ನಯನಾ ಒಳಗೊಳಗೇ ಬೆಂದಿದ್ದಳು.

ಮಾರನೆಯ ದಿನ ಬೀರೇಶ್ ಡೀಸೆಲ್ ಫಿಲ್ಟರ್ ಬದಲಾಯಿಸಿದ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆಲ್ಲ ತೆಂಗಿನ ನಾರು, ಇಲಿಗೂಡು!

"ಇನ್ನು ನೋಡಿ, ಹಾರ್ತೈತೆ!" ಎಂದ.

ಹಾರಲಿಲ್ಲ. ಅದೇ ಏರು, ಅದೇ ಒದ್ದಾಟ, ಅದೇ ನಿಟ್ಟುಸಿರು.

"ಸೋತೆ ಮೇಡಂ," ಗಾಡಿ ಮತ್ತೆ ಗ್ಯಾರೇಜಿಗೆ ಬಂದಾಗ ಅವನು ಸಂಕೋಚದಿಂದ ತಲೆ ಕೆರೆದುಕೊಂಡ. "ದಿನಾ ಓಡ್ಸೋರು ನೀವು. ನಿಮಗೇನು ಗೊತ್ತಾಗ್ತೈತೋ ಅದನ್ನ ಹೇಳಿ."

ಹೇಳಿದರೆ ನಗುತ್ತಾನೆ... ಹುಚ್ಚಿ ಅನ್ನುತ್ತಾನೆ! ಆದರೂ ಬಾಯಿಂದ ಮಾತು ಬಂದೇಬಿಟ್ಟಿತು.

"ಏರಿನಲ್ಲಿ... ನನ್ನ ಯಜಮಾನ್ರು ನಿಟ್ಟುಸಿರು ಬಿಡ್ತಾರೆ."

ಬೀರೇಶ್ ನಗಲಿಲ್ಲ.

"ಯಾವ ಕಡೆಯಿಂದ ಕೇಳ್ಸುತ್ತೆ?"

"ಎಡಗಡೆ. ಮುಂದಿನಿಂದ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ."

ಅವನು ಥಟ್ಟನೆ ಬಾನೆಟ್ ಎತ್ತಿದ. ಎಡಗಡೆಯ ಒಂದು ದಪ್ಪ ರಬ್ಬರ್ ಪೈಪನ್ನು ತಡವುತ್ತಾ ಹೋಗಿ, ಕಣ್ಣಿಗೆ ಕಾಣದ ಅಡಿಭಾಗದಲ್ಲಿ ಕೈ ನಿಲ್ಲಿಸಿದ. ಮೆಲ್ಲಗೆ ಬಗ್ಗಿಸಿದ. ಅಲ್ಲೊಂದು ಸೀಳು, ಬಾಯಿ ತೆರೆದಂತೆ ಬಿಚ್ಚಿಕೊಂಡಿತು.

"ಎಂಜಿನ್ನಿಗೆ ಗಾಳಿ ನುಗ್ಗಿಸೋ ಟರ್ಬೊ ಪೈಪು. ಇಲಿ ಕಡಿದೈತೆ. ಮಟ್ಟದಲ್ಲಿ ಇದು ಮುಚ್ಕೊಂಡಿರುತ್ತೆ. ಏರಿನಲ್ಲಿ ಗಾಳಿ ಒತ್ತಡ ಜಾಸ್ತಿ, ಸೀಳಿನಿಂದ ಹೊರಗೆ ನುಗ್ಗುತ್ತೆ. ಗಾಳಿ ಸಾಲ್ದೆ ಎಂಜಿನ್ ಸೋಲುತ್ತೆ. ನೀವು ಹೇಳ್ದೇ ಇದ್ದಿದ್ರೆ ನಂಗೆ ಸಿಕ್ತಿರಲಿಲ್ಲ."

ಹೊಸ ಪೈಪು ಹಾಕಿಸಿಕೊಂಡು ಸಂಜೆ ನಯನಾ ಹೊರಟಳು. ಏರು ಬಂತು. ಕಾರು ಹೂವಿನಷ್ಟು ಹಗುರಾಗಿ ಹತ್ತಿಬಿಟ್ಟಿತು.

ನಿಟ್ಟುಸಿರು ಇಲ್ಲ.

ಅವಳು ಕಿವಿಗೊಟ್ಟಳು. ಮತ್ತೆ ಹಿಂದಕ್ಕೆ ಹೋಗಿ ಮತ್ತೊಮ್ಮೆ ಹತ್ತಿಸಿದಳು. ಇಲ್ಲ! ಉಮೇಶ್ ಇಲ್ಲ. ಎಲ್ಲೂ ಇಲ್ಲ...

ಕಾರು ತಿರುಗಿಸಿ ಗ್ಯಾರೇಜಿಗೆ ನುಗ್ಗಿದವಳೇ ಅಳುತ್ತಾ ಕಿರುಚಿದಳು.

"ಯಾರ್ರೀ ನಿಮಗೆ ಅದನ್ನ ತೆಗೀರಿ ಅಂದಿದ್ದು! ಉಳಿದಿದ್ದು ಅದೊಂದೇ... ಅದನ್ನೂ ಕಿತ್ಕೊಂಡ್ರಲ್ಲಾ!"

ಬೀರೇಶನ ಮುಖ ಬಾಡಿಹೋದದ್ದನ್ನು ನೋಡುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವನೇ ಮನೆಗೆ ಬಂದ. ಕೈಯಲ್ಲಿ ಆ ಸೀಳಿದ ಪೈಪು.

"ವಾಪಸ್ ಹಾಕ್ತೀನಿ," ಎಂದ ಮೆಲ್ಲಗೆ. "ಗಾಡಿ ಏರು ಹತ್ತದೇ ಹೋದ್ರೆ ಹೋಗ್ಲಿ. ನೀವು ಆವತ್ತು ಅತ್ತಿದ್ದು ನಂಗೆ ನಿದ್ದೆ ಮಾಡೋಕೆ ಬಿಡ್ತಿಲ್ಲ."

ನಯನಾ ಅವನನ್ನೇ ನೋಡಿದಳು. ಬೈದವಳಿಗಾಗಿ ಇವನಿಗೇಕೆ ಇಷ್ಟು ನೋವು?

ಒಳಗಿನಿಂದ ಅನುಸೂಯಮ್ಮ ಬಂದರು. ಪೈಪನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಆ ಸದ್ದು... ಇದ್ರಿಂದನಾ ಬತ್ತಿದ್ದುದು?"

"ಅತ್ತೆ! ನಿಮಗೂ ಕೇಳಿಸಿತ್ತಾ?"

"ಕೇಳ್ತು ಕಣೇ. ನನ್ ಮಗ ಇನ್ನೂ ಸಂಕಟಪಡ್ತಾವ್ನೆ ಅಂದ್ಕಂಡೆ. ಅದ್ಕೇ ಹತ್ತೋದು ಬಿಟ್ಟೆ."

"ನನ್ನ ಮೇಲೆ ಕೋಪ ಅಂತ..."

"ಅಯ್ಯೋ ಹುಚ್ಚುಡ್ಗಿ! ನಿನ್ ಮೇಲೆ ಎಂಥ ಕೋಪ್ವೇ?"

ಇಬ್ಬರೂ ತಬ್ಬಿಕೊಂಡು ಅತ್ತರು. ಬೀರೇಶ್ ಸದ್ದಿಲ್ಲದೆ ಅಂಗಳಕ್ಕಿಳಿದಿದ್ದ.

"ಎಲ್ಲಿಗ್ ಹೊಂಟೆಪ್ಪಾ?" ಅನುಸೂಯಮ್ಮ ಕಣ್ಣೊರೆಸಿಕೊಂಡರು. "ಗಾಡಿ ಹತ್ತು. ಆ ಏರು ಹತ್ತುಸ್ಕಂಡು ಬರಾನ. ಮುಂದೆ ಕೂತ್ಕೋ, ನಾನು ಹಿಂದೆ ಕೂತ್ಕತೀನಿ."

ನಯನಾ ಓಡಿಸಿದಳು. ಏರು ಬಂದಾಗ ಮೂವರೂ ಉಸಿರು ಬಿಗಿಹಿಡಿದರು. ಎಂಜಿನ್ನಿನ ತುಂಬುದನಿ ಬಿಟ್ಟರೆ ಬೇರೇನೂ ಇಲ್ಲ. ಹಿಂದಿನ ಸೀಟಿನಿಂದ ಅನುಸೂಯಮ್ಮ ಮೆಲ್ಲಗೆ ಅಂದರು: "ಹೋಗಪ್ಪ... ನೆಮ್ಮದಿಯಾಗಿ ಹೋಗು."

ಹೆದರಿಕೆಯಿಲ್ಲದೆ ನಯನಾ ಆ ಜಾಗವನ್ನು ನೋಡಿದ್ದು ಅದೇ ಮೊದಲು. ಬರೀ ರಸ್ತೆ. ಪಕ್ಕದಲ್ಲಿ ಹಸಿರು ರಾಗಿ ಹೊಲ.

ಬಸ್ತಿಹಳ್ಳಿಯ ಜೈನ ಬಸದಿಯ ಬಳಿ ಕಾರು ನಿಂತಿತು. ಅನುಸೂಯಮ್ಮ ಬೇಕೆಂದೇ ಮುಂದೆ ನಡೆದುಬಿಟ್ಟರು.

"ಅವತ್ತು ಹಾಗೆ ಕಿರುಚಬಾರದಿತ್ತು..." ನಯನಾ ತಲೆ ತಗ್ಗಿಸಿದಳು.

"ನಯನಾ ಅವ್ರೇ..." ಎಂದ ಬೀರೇಶ್. "ಅವ್ರ ಜಾಗಕ್ಕೆ ನಾನು ಬರಲ್ಲ. ನಿಮ್ಮ ಬದುಕಲ್ಲಿ ನಂಗೂ ಒಂದು ಜಾಗ ಸಿಕ್ಕಿದ್ರೆ... ಅಷ್ಟು ಸಾಕು. ಇಷ್ಟ ಇಲ್ಲ ಅಂದ್ರೆ ಬೇಜಾರಿಲ್ಲ."

ಅವಳು ಮಸಿ ಹತ್ತಿದ ಅವನ ಬೆರಳುಗಳ ಮೇಲೆ ತನ್ನ ಕೈಯಿಟ್ಟಳು.

"ಇವತ್ತು ಊಟಕ್ಕೆ ನಮ್ಮನೇಲೇ ಇರಿ. ಅತ್ತೆ ಊಟ ಮುಗಿಯೋವರೆಗೂ ಮಗನ ಬಗ್ಗೆನೇ ಮಾತಾಡ್ತಾರೆ. ಬೇಜಾರಾಗುತ್ತಾ?"

"ಇಲ್ಲ. ಕೇಳ್ತೀನಿ. ನೀವೂ ಹೇಳಿ."

"ಹೇಳ್ತಾ ಹೇಳ್ತಾ ಅತ್ತುಬಿಡ್ತೀನಿ..."

"ಅಳಿ. ಮುದ್ದೆ ಆರಿಹೋದ್ರೂ ಪರವಾಗಿಲ್ಲ, ನಾನು ಕಾಯ್ತೀನಿ."