ಕುಂಬಳಕಾಯಿ ಒಡೆಯಲು ಬಂದವನು

"ಹೂವಿಗೂ ದಾರ ಕಟ್ಟಿ ಹಿಂಸೆ ಕೊಡ್ತೀರೇನ್ರೋ?" ಎಂದು ಗದರುತ್ತಾ ಗಣಿತದ ಮಧುರಾ ಮೇಡಂ, ಸ್ಕೂಲಿನ ಹಿತ್ತಲಿನ ಕುಂಬಳದ ಮೊಗ್ಗುಗಳಿಗೆ ಕಟ್ಟಿದ್ದ ದಾರವನ್ನೆಲ್ಲ ಬಿಚ್ಚಿಬಿಟ್ಟಳು. ಒಂಬತ್ತನೇ ಕ್ಲಾಸಿನ ಮಕ್ಕಳು ಕಕ್ಕಾಬಿಕ್ಕಿಯಾದರು. ಅದು ಅವರ ಕೃಷಿ ಪ್ರಾಜೆಕ್ಟು.

ಕೃಷಿ ಮೇಷ್ಟ್ರು ಗೌರೀಶ್ ನಗು ತಡೆದುಕೊಂಡ. "ಜೇನುಹುಳಾನ ನಂಬಿದ್ರೆ ಯಾವ ಹೂವಿನ ಪರಾಗ ತರುತ್ತೋ ಗೊತ್ತಾಗಲ್ಲ ಮೇಡಂ. ನಾವೇ ಆರಿಸಿದ ಗಂಡು ಹೂವನ್ನ ಬೆಳಗ್ಗೆ ಹೆಣ್ಣು ಹೂವಿಗೆ ಸವರ್ತೀವಿ. ಅಲ್ಲೀವರೆಗೂ ಬಾಯಿ ಕಟ್ಟಿರ್ತೀವಿ."

"ಅಯ್ಯೋ ದೇವರೇ! ಈಗೇನ್ ಮಾಡೋದು?"

"ಮತ್ತೆ ಕಟ್ಟೋಣ. ನಾಳೆ ಬೇಗ ಬಂದು ನೀವೇ ಸವರಿ. ತಪ್ಪಿಗೆ ದಂಡ."

ಮಾರನೇ ದಿನ ಬಂದಳು. ದಂಡ ತೀರಿದ ಮೇಲೂ ಬರುತ್ತಲೇ ಇದ್ದಳು. ದಳ ಕಿತ್ತ ಗಂಡು ಹೂವನ್ನು ಕೈಗೆ ಕೊಡುವಾಗ ಬೆರಳು ತಾಕದಂತೆ ಅವನದು ಅದೆಷ್ಟು ಜೋಪಾನ! ಆ ಜೋಪಾನವೇ ಅವಳಿಗೆ ಇಷ್ಟವಾಗಿಹೋಯಿತು.

"ಹಾಗೆ ನೋಡ್ಬೇಡಿ, ಮಕ್ಕಳಿದಾರೆ."

"ಹೂವು ನೋಡ್ತಿದೀನಿ ಮೇಡಂ."

ಎಂಥ ಸುಳ್ಳುಗಾರ!

ಆದರೆ ಎನ್.ಆರ್. ಕಾಲೋನಿಯ ಮನೆಯಲ್ಲಿ ಅವಳ ಅಮ್ಮ ಭಾಗೀರಥಮ್ಮ, ಮಲ್ಲೇಶ್ವರದ ರಾಘವ ಎಂಬ ವರನ ಕಡೆಯವರಿಗೆ ಮಾತು ಕೊಟ್ಟಾಗಿತ್ತು. ಅಪ್ಪನಿಲ್ಲದ ಮನೆ, ಒಬ್ಬಳೇ ಮಗಳು. ಗೌರೀಶನ ಜಾತಿ ಬೇರೆ. ಈ ಸಂಬಂಧ ಬೇಡ, ನನಗೆ ಗೌರೀಶ್ ಬೇಕು ಎಂಬ ಮಾತನ್ನು ಮಧುರಾ ಅಮ್ಮನಿಗೆ ಇನ್ನೂ ಹೇಳಿರಲಿಲ್ಲ.

ಮೊದಲ ಕಾಯಿಯನ್ನು ಮಕ್ಕಳು ಅವಳಿಗೇ ಕೊಟ್ಟರು. ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು, ಮೊದಲ ಏಟು ಗಂಡಸರೇ ಹಾಕಬೇಕು ಎಂಬುದು ಮನೆಯ ಪದ್ಧತಿ. ಗೌರೀಶನನ್ನು ಮನೆಗೆ ಕರೆಯಲು ಒಳ್ಳೆ ನೆಪ ಸಿಕ್ಕಿತು.

"ಭಾನುವಾರ ಬಂದು ಒಡೆದುಕೊಡಿ. ಆಗ ಅಮ್ಮಂಗೆ ನಾನೇ ಹೇಳ್ತೀನಿ."

"ಖಂಡಿತ?"

"ಖಂಡಿತ."

ಗೌರೀಶ್ ಇಸ್ತ್ರಿ ಶರಟು ಹಾಕಿಕೊಂಡು ಲೂನಾದಲ್ಲಿ ಬಂದ. ನಡುಮನೆಯಲ್ಲಿ ಕೂತು ಕಾಯಿಯನ್ನು ಎರಡು ಹೋಳು ಮಾಡಿದ. ಭಾಗೀರಥಮ್ಮ ಕಾಫಿ ಕೊಟ್ಟು, ಅವನನ್ನೇ ನೋಡುತ್ತಾ ಹೇಳಿದರು: "ಗಂಡು ದಿಕ್ಕಿಲ್ಲದ ಮನೆ ನಮ್ದು. ಇವತ್ತಿಂದ ಮಧುರಂಗೆ ನೀವೇ ಅಣ್ಣ. ಮದುವೇಲಿ ಅವಳ ಬೊಗಸೆಗೆ ಅರಳು ಹಾಕೋಕೆ ಅಣ್ಣ ಬೇಕು. ನೀವೇ ಹಾಕ್ಬೇಕಪ್ಪ."

ಗೌರೀಶ್ ಮಧುರಾಳತ್ತ ತಿರುಗಿದ. ಹೇಳು, ಈಗಲಾದರೂ ಹೇಳು ಎಂದು ಅವನ ಕಣ್ಣು ಬೇಡುತ್ತಿತ್ತು. ಅಯ್ಯೋ, ಬಾಯಿ ಬಿಡಬಾರದೇನೇ ಹುಡುಗಿ! ಕ್ಲಾಸಿನಲ್ಲಿ ಅಷ್ಟು ಜೋರಿನ ಮೇಡಂ, ತಲೆ ತಗ್ಗಿಸಿ ಹೋಳಿನಿಂದ ಬೀಜ ಬಿಡಿಸುತ್ತಾ ಕೂತಳು.

ಅವನು ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟ.

"ಆ ಹೊತ್ತಿಗೆ ನಾನು ಊರಲ್ಲಿರಲ್ಲಮ್ಮ," ಎಂದ. ಅವಳ ಮಾನ ಉಳಿಸಲೆಂದೇ ಹೇಳಿದ ಮಾತು. "ಬರ್ತೀನಿ ಮೇಡಂ."

ಲೂನಾ ಸದ್ದು ರಸ್ತೆ ತಿರುವಿನಲ್ಲಿ ಕರಗಿದಾಗ ಮಧುರಾ ಬಿಕ್ಕಿ ಬಿಕ್ಕಿ ಅತ್ತಳು.

"ಅವರು ನಂಗೆ ಅಣ್ಣ ಅಲ್ಲಮ್ಮಾ!"

ಭಾಗೀರಥಮ್ಮ ಮಗಳ ಪಕ್ಕದಲ್ಲಿ ಕುಸಿದು ಕೂತರು. ಅವರ ಕಣ್ಣಲ್ಲೂ ನೀರಿತ್ತು.

"ಗೊತ್ತು ಕಣೇ. ಅದಕ್ಕೇ ಹಾಗಂದೆ."