ಎಸ್ತ್ರೆಲ್ಲಾಳ ವಿಶೇಷ ದರ

ಎಸ್ತ್ರೆಲ್ಲಾ ತೀರಿಕೊಂಡ ಸುದ್ದಿ ಹಿಟ್ಟಿನ ಗೋದಾಮಿಗೆ ಬಂದದ್ದು ಮಂಗಳವಾರ ಬೆಳಿಗ್ಗೆ, ಬಿಲ್ ಹಾಕಲು ಶುರುಮಾಡುವ ಹೊತ್ತಿಗೆ. ಮೊಲೊ ಬಡಾವಣೆಯ ಇಗರ್ಜಿಯ ಹಿಂದಿನ ಬೀದಿಯಲ್ಲಿ ಅವಳ ಬೇಕರಿ. ಮೊದಲ ತಟ್ಟೆ ಬನ್ನುಗಳನ್ನು ಒಲೆಯೊಳಗಿಟ್ಟು, ಪಕ್ಕದ ಬೆಂಚಿನ ಮೇಲೆ ಕುಳಿತಳಂತೆ. ಮತ್ತೆ ಏಳಲಿಲ್ಲ.

"ನಲವತ್ತೂ ತುಂಬಿರ್ಲಿಲ್ಲ, ಪಾಪ," ಎಂದು ಕ್ಯಾಷಿಯರ್ ಪೂರಿಂಗ್ ಶಿಲುಬೆಯ ಗುರುತು ಹಾಕಿಕೊಂಡಳು.

ಬಿಲ್ ವಿಭಾಗದ ನೊರ್ಮಿತಾಳೂ ಹಾಕಿಕೊಂಡಳು. ಆದರೆ ಕೈ ಎದೆಯಿಂದ ಇಳಿಯುವ ಮೊದಲೇ ಅವಳ ಕಣ್ಣು ಸೇಲ್ಸ್‌ಮನ್ ರೊಸೆಂಡೊನನ್ನು ಹುಡುಕಿತು. ಅಳುತ್ತಿದ್ದಾನೆಯೇ? ಎಷ್ಟು ಅಳುತ್ತಿದ್ದಾನೆ?

ಅವನು ಕಿಟಕಿಯ ಬಳಿ ನಿಂತಿದ್ದ. ಮುಖ ನದಿಯ ಕಡೆಗಿತ್ತು, ಭುಜ ಅಲುಗುತ್ತಿತ್ತು. ಅಳುವವನು ಅಳಲಿ, ಬೆನ್ನು ತಿರುಗಿಸಿದ್ದೇಕೆ ಎಂದುಕೊಂಡಳು ನೊರ್ಮಿತಾ. ದೇವರು ಅವಳನ್ನು ಕ್ಷಮಿಸಲಿ. ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಆದರೆ ಸತ್ತವಳ ಮೇಲೂ ಹೊಟ್ಟೆಕಿಚ್ಚು ಪಡುವಷ್ಟು ಅವನನ್ನು ಪ್ರೀತಿಸುತ್ತಿದ್ದಳು.

ಇಲೊಯಿಲೊ ನಗರದ ಬೇಕರಿಗಳಿಗೆಲ್ಲ ಮೈದಾ ಹೋಗುತ್ತಿದ್ದದ್ದು ಆ ಗೋದಾಮಿನಿಂದಲೇ. ಅವರ ಮಾರಾಟದ ಸಾಫ್ಟ್‌ವೇರಿನಲ್ಲಿ ಎಲ್ಲರಿಗೂ ಒಂದೇ ದರ. ಯಾರಿಗಾದರೂ ಕಡಿಮೆ ಮಾಡಬೇಕೆಂದರೆ ಸೇಲ್ಸ್‌ಮನ್ ಆ ಗಿರಾಕಿಯ ಹೆಸರಿನಲ್ಲಿ ವಿಶೇಷ ದರ ಕೇಳಬೇಕು, ಕಾರಣ ಬರೆಯಬೇಕು. ಅದು ಯಾವ ದಿನದವರೆಗೆ ಎಂದು ನಿಗದಿ ಮಾಡಿ ಒಪ್ಪಿಗೆ ಕೊಡುವುದು ನೊರ್ಮಿತಾಳ ಕೆಲಸ. ಆ ದಿನ ಕಳೆದರೆ ದರ ತಾನಾಗಿಯೇ ಮೇಲೇರುತ್ತದೆ.

ಊರಿಗೆಲ್ಲ ಅತಿ ಕಡಿಮೆ ದರ ಎಸ್ತ್ರೆಲ್ಲಾಳದು. ದೊಡ್ಡ ಬೇಕರಿಯಲ್ಲ, ಲಾರಿಗಟ್ಟಲೆ ಕೊಳ್ಳುವವಳೂ ಅಲ್ಲ. ರೊಸೆಂಡೊ ಬರೆಯುತ್ತಿದ್ದ ಕಾರಣ ಯಾವಾಗಲೂ ಒಂದೇ, ಹಳೆಯ ಗಿರಾಕಿ. ಹಳೆಯ ಗಿರಾಕಿಗಳು ಊರು ತುಂಬ ಇದ್ದರು. ಅವರಾರಿಗೂ ಇಲ್ಲದ ದರ ಇವಳಿಗೇಕೆ?

ಉಳಿದವರಿಗೆ ನೊರ್ಮಿತಾ ಒಂದು ವರ್ಷಕ್ಕೆ ಒಪ್ಪಿಗೆ ಕೊಡುತ್ತಿದ್ದಳು. ಎಸ್ತ್ರೆಲ್ಲಾಳಿಗೆ ಮಾತ್ರ ಒಂದು ತಿಂಗಳು. ಗೋಧಿಯ ಬೆಲೆ ಏರಿಳಿಯುತ್ತಿದೆ ಎನ್ನುವುದು ಅವಳು ಕೊಡುತ್ತಿದ್ದ ಸಮಜಾಯಿಷಿ.

"ಗೋಧಿ ಬೆಲೆ ಮೊಲೊದಲ್ಲಿ ಮಾತ್ರ ಏರಿಳಿಯುತ್ತೇನೇ ತಂಗಿ?" ಎಂದು ಪೂರಿಂಗ್ ಚುಚ್ಚುವಳು.

ಹೀಗಾಗಿ ರೊಸೆಂಡೊ ತಿಂಗಳಿಗೊಮ್ಮೆ ಅವಳ ಮೇಜಿನ ಮುಂದೆ ಬಂದು ಕೂರಬೇಕಾಗಿತ್ತು. ಬೇಕೆಂದೇ ಅವಳು ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

"ಏನು ಬಂದ್ರಿ?"

"ಅದೇ. ಮೊಲೊ."

"ಚೆನ್ನಾಗಿದ್ದಾರಾ ನಿಮ್ಮ ಮೊಲೊದವರು?"

"ಚೆನ್ನಾಗಿದ್ದಾರೆ. ನಮ್ಮ ಬಿಲ್ಲಿನೋರು ಹೇಗಿದ್ದಾರೆ?"

ಆಗ ಅವಳು ತಲೆ ಎತ್ತುವಳು, ಅವನು ನಗುತ್ತಿರುವನು. ಆ ನಗು ತನಗೋ, ಮೊಲೊ ಎಂಬ ಮಾತಿಗೋ ಎಂದು ಅವಳು ಮನೆಗೆ ಹೋಗುವ ಜೀಪ್ನಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸುವಳು.

ಒಂದು ಭಾನುವಾರ ಪೂಜೆ ಮುಗಿಸಿಕೊಂಡು, ಯಾರಿಗೂ ಹೇಳದೆ ಮೊಲೊಗೆ ಹೋಗಿ ಅವಳನ್ನು ನೋಡಿಕೊಂಡೂ ಬಂದಿದ್ದಳು. ಎಸ್ತ್ರೆಲ್ಲಾ ಸುಂದರಿ. ರೆಪ್ಪೆಯ ಮೇಲೆ ಹಿಟ್ಟು ಕೂತಿತ್ತು, ಹಣೆಯಲ್ಲಿ ಬೆವರಿತ್ತು, ಆದರೂ ಸುಂದರಿ. ಅಲಂಕಾರ ಮಾಡಿಕೊಂಡು ಚೆನ್ನಾಗಿ ಕಂಡಿದ್ದರೆ ನೊರ್ಮಿತಾ ಸಹಿಸಿಕೊಳ್ಳುತ್ತಿದ್ದಳೋ ಏನೋ.

ಎಸ್ತ್ರೆಲ್ಲಾ ತೀರಿಕೊಂಡ ವಾರವೇ ಅವಳ ದರದ ಆ ತಿಂಗಳ ಗಡುವು ಮುಗಿದಿತ್ತು. ಬುಧವಾರ ರೊಸೆಂಡೊನ ಕೋರಿಕೆ ಪರದೆಯ ಮೇಲೆ ಬಂತು. ಹೆಣದ ಮುಂದೆ ಜಾಗರಣೆಗೆ ಕೂರುವವರಿಗೆ ಕಾಫಿ, ಬನ್ನು ಕೊಡಬೇಕು. ತಂಗಿ ನೆನೆತ್ ಅಕ್ಕನ ಒಲೆಯನ್ನು ತಾನೇ ಹಚ್ಚಿದ್ದಾಳೆ. ಹಿಟ್ಟು ಹಳೆಯ ದರಕ್ಕೇ ಹೋಗಲಿ ಎಂದು ಬರೆದಿದ್ದ.

ಸತ್ತವಳಿಗೂ ಇಷ್ಟು ಮುತುವರ್ಜಿಯೇ! ನೊರ್ಮಿತಾಳ ಒಳಗೆಲ್ಲ ಉರಿ ಎದ್ದಿತು. ತೀರಿಹೋದ ಗಿರಾಕಿಯ ಖಾತೆ ಮುಚ್ಚಬೇಕೆಂಬ ನಿಯಮವೂ ಅವಳ ಕಡೆಗಿತ್ತು. ಕೋರಿಕೆಯನ್ನು ತಿರಸ್ಕರಿಸಿದಳು. ಕಾರಣದ ಜಾಗದಲ್ಲಿ 'ಗಿರಾಕಿ ಇಲ್ಲ' ಎಂದು ಬರೆದಳು.

ಸಂಜೆ ಅವನು ಸಾವಿನ ಮನೆಯಿಂದ ನೆಟ್ಟಗೆ ಕಚೇರಿಗೆ ಬಂದ. ಅಂಗಿಯ ಮೇಲೆ ಶೋಕದ ಕಪ್ಪು ಪಟ್ಟಿಯ ಪಿನ್ನಿತ್ತು.

"ಸಾವಿನ ಮನೆಯಿಂದ ಸೀದಾ ಮನೆಗೆ ಹೋಗ್ಬಾರ್ದು ಅಂತ ಇಲ್ಲಿಗೆ ಬಂದ್ಯೇನೋ?" ಎಂದಳು ಪೂರಿಂಗ್. "ದಾರೀಲಿ ಕಾಫಿ ಅಂಗಡಿ ಇರ್ಲಿಲ್ವಾ?"

"ಇತ್ತು ಅಕ್ಕಾ."

ಪೂರಿಂಗ್ ಇಬ್ಬರ ಮುಖವನ್ನೂ ನೋಡಿ, ಕೊಡೆ ತೆಗೆದುಕೊಂಡು ಹೊರಟುಹೋದಳು.

"ಗಿರಾಕಿ ಇಲ್ಲ ಅಂತ ಬರೆದಿದ್ದೀರಿ," ಎಂದ ರೊಸೆಂಡೊ.

"ಸುಳ್ಳಾ?"

"ಸುಳ್ಳಲ್ಲ. ಆದ್ರೆ ನೀವು ಬರೆಯೋ ಮಾತಲ್ಲ ಅದು."

"ಹಾಗಾದ್ರೆ ನೀವು ನಿಜ ಬರೀರಿ. ಹಳೆಯ ಗಿರಾಕಿ ಅನ್ನೋ ಕತೆ ಸಾಕು. ಅವಳಿಗೇ ಯಾಕೆ ಆ ದರ?"

ಅವನು ಕುರ್ಚಿ ಎಳೆದುಕೊಂಡು ಕುಳಿತ.

"ಅವಳನ್ನ ಮದುವೆ ಆಗು ಅಂತ ಕೇಳಿದ್ದೆ," ಎಂದ.

ನೊರ್ಮಿತಾ ಇಷ್ಟು ವರ್ಷ ಕೇಳಿಸೀತೆಂದು ಹೆದರಿದ್ದ ಮಾತು ಅದೇ.

"ಬೇಡ ಅಂದ್ಲು. ನಗ್ತಾನೇ ಅಂದ್ಲು. ಬೇಕರಿ ಆಗಷ್ಟೇ ಶುರುಮಾಡಿದ್ಲು, ದರ ಇಳಿಸಿಕೊಟ್ಟಿದ್ದು ನಾನು. ಬೇಡ ಅಂದ ಮೇಲೆ ಏರಿಸೋಕೆ ಮನಸ್ಸಾಗ್ಲಿಲ್ಲ. ಏರಿಸಿದ್ರೆ, ನನ್ನ ಒಲ್ಲೆ ಅಂದಿದ್ದಕ್ಕೆ ದಂಡ ಹಾಕಿದ ಹಾಗೆ ಆಗ್ತಿತ್ತು."

"ಪ್ರೀತಿ ಉಳಿದಿತ್ತು ಅನ್ನಿ."

"ಉಳಿದಿತ್ತು. ಆಮೇಲೆ ಹೋಯ್ತು. ಯಾವಾಗ ಹೋಯ್ತೋ ನಂಗೇ ತಿಳೀಲಿಲ್ಲ. ದರ ಮಾತ್ರ ಹಾಗೇ ಉಳೀತು."

"ನಿನ್ನೆ ಕಿಟಕಿ ಹತ್ರ ನಿಂತು ಅತ್ತಿದ್ದು?"

"ಸತ್ತೋರಿಗಾಗಿ ಅಳೋಕೂ ನಿಮ್ಮ ಒಪ್ಪಿಗೆ ಬೇಕಾ ನೊರ್ಮಿತಾ?"

ಅವಳ ಮುಖ ಕೆಂಪೇರಿತು. ಮೇಜಿನ ಮೇಲಿದ್ದ ಪೆನ್ನನ್ನು ಆ ಕಡೆಯಿಂದ ಈ ಕಡೆಗೆ ಇಟ್ಟಳು.

"ಈಗ ನಾನು ಕೇಳ್ತೀನಿ," ಎಂದ ಅವನು. ದನಿ ತಗ್ಗಿತ್ತು. "ಅವಳಿಗೆ ಮಾತ್ರ ಒಂದೊಂದೇ ತಿಂಗಳು ಕೊಡ್ತಿದ್ರಲ್ಲ, ಯಾಕೆ?"

"ಗೋಧಿ ಬೆಲೆ..."

"ಮ್ಯಾನೇಜರ್ ಕರೆದು ಹೇಳಿದ್ರು, ನನ್ನ ಹತ್ರ ತಾರಯ್ಯ, ವರ್ಷಕ್ಕೇ ಮಾಡಿಕೊಡ್ತೀನಿ, ಯಾಕೆ ಆ ಹುಡುಗಿ ಹತ್ರ ಬೈಸ್ಕೋತೀಯ ಅಂತ. ನಾನು ತಗೊಂಡು ಹೋಗ್ಲೇ ಇಲ್ಲ."

"ಯಾಕೆ?"

"ನಿಮ್ಮ ಮುಂದೆ ಬಂದು ಕೂರೋಕೆ ನಂಗೆ ಬೇರೆ ನೆಪ ಇರ್ಲಿಲ್ಲ."

ಹೊರಗೆ ಕೂಲಿಯವರು ಹಿಟ್ಟಿನ ಚೀಲ ಇಳಿಸುತ್ತಿದ್ದರು. ದಪ್ ದಪ್ ಎಂಬ ಆ ಸದ್ದು ತನ್ನ ಎದೆಯದೇ ಎಂದು ನೊರ್ಮಿತಾಳಿಗೆ ಒಂದು ಗಳಿಗೆ ಭ್ರಮೆಯಾಯಿತು. ಸಂತೋಷದ ಬೆನ್ನಿಗೇ ಮತ್ತೆ ಅದೇ ಕಿಚ್ಚು ಎದ್ದುಬಂತು.

"ಅವಳ ಹೆಸರು ಹಿಡ್ಕೊಂಡು ನನ್ನ ಹತ್ರ ಬರ್ತಿದ್ರಾ?"

"ನೀವು ಬೇರೆ ಬಾಗಿಲು ತೆಗೆದಿಟ್ಟಿದ್ರಾ?"

ಅವಳಿಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಮುಚ್ಚಿಕೊಳ್ಳಲು ಪರದೆಯ ಕಡೆಗೆ ತಿರುಗಿದಳು. ನೆನೆತ್‌ಳ ಹೆಸರಿನಲ್ಲಿ ಹೊಸ ಖಾತೆ ತೆರೆದಳು. ಅಕ್ಕನಿಗಿದ್ದ ದರವನ್ನೇ ಹಾಕಿದಳು. ಕಾರಣದ ಜಾಗದಲ್ಲಿ, 'ಅಕ್ಕನ ಒಲೆಯನ್ನು ತಂಗಿ ಮುಂದುವರಿಸುತ್ತಿದ್ದಾಳೆ' ಎಂದು ಬರೆದಳು. ಕೊನೆಗೆ ದಿನಾಂಕ ಹಾಕಿದಳು.

ರೊಸೆಂಡೊ ಬಗ್ಗಿ ನೋಡಿದ. "ಒಂದು ವರ್ಷ ಕೊಟ್ಟುಬಿಟ್ರಾ? ಮುಂದಿನ ತಿಂಗಳು ನಾನು ಏನಂತ ಬರ್ಲಿ?"

ಅವಳು ತಲೆ ಎತ್ತಲಿಲ್ಲ.

"ಕಾರಣ ಇಲ್ದೇ ಬಾ," ಎಂದಳು.

ಅವನು ಮೇಜಿನ ಅಂಚಿನಲ್ಲಿದ್ದ ಅವಳ ಬೆರಳುಗಳ ಮೇಲೆ ಕೈ ಇಟ್ಟ. ಅವಳು ಎಳೆದುಕೊಳ್ಳಲಿಲ್ಲ.

ಸತ್ತವರಿಗಾಗಿ ಮಾಡುವ ಒಂಬತ್ತು ದಿನದ ಪ್ರಾರ್ಥನೆಯ ಕೊನೆಯ ದಿನ ಇಬ್ಬರೂ ಕೂಡಿ ಮೊಲೊಗೆ ಹೋದರು. ನೆನೆತ್ ಬಾಗಿಲಲ್ಲೇ ನೊರ್ಮಿತಾಳ ಕೈ ಹಿಡಿದುಕೊಂಡು, "ಹಿಟ್ಟಿನ ಕಚೇರಿಯ ಅಕ್ಕ ನೀವೇನಾ? ಒಳಗೆ ಬನ್ನಿ, ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ," ಎಂದಳು. ಆ ಹುಡುಗಿಯ ಅಂಗೈಯಲ್ಲೆಲ್ಲ ಒಲೆಯಿಂದಾದ ಸುಟ್ಟ ಗಾಯಗಳಿದ್ದವು.

ಪುಟ್ಟ ಪೀಠದ ಮೇಲೆ ಮೇಣದ ಬತ್ತಿಗಳ ನಡುವೆ ಎಸ್ತ್ರೆಲ್ಲಾಳ ಚಿತ್ರವಿತ್ತು. ನಗುತ್ತಿದ್ದಳು. ಪಕ್ಕದ ಸಾಲಿನಲ್ಲಿ ರೊಸೆಂಡೊ ಆ ಚಿತ್ರವನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿತ್ತು. ನೊರ್ಮಿತಾಳ ಎದೆಯಲ್ಲಿ ಮುಳ್ಳು ಮತ್ತೆ ಚುಚ್ಚಿತು. ಈ ಸಲ ಅವಳು ಅವನ ಕಡೆ ತಿರುಗಲಿಲ್ಲ. ಮಂಡಿಯೂರಿ, ಜಪಮಾಲೆಯನ್ನು ಬೆರಳಿಗೆ ಸುತ್ತಿಕೊಂಡು, ಚಿತ್ರವನ್ನೇ ನೋಡುತ್ತ ಮನಸ್ಸಿನಲ್ಲಿ ಬೇಡಿಕೊಂಡಳು.

ಪ್ರಭುವೇ, ನಿನ್ನಿಂದ ಮುಚ್ಚಿಡುವುದೇನಿದೆ? ಈ ಮುಖ ನೋಡಿದರೆ ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ. ಆ ಉರಿಯನ್ನು ನೀನೇ ಆರಿಸು. ಇವಳನ್ನು ಮಾತ್ರ ತಂಪಾದ ಜಾಗದಲ್ಲಿಡು. ಊರು ಏಳುವ ಮೊದಲೇ ಎದ್ದು ಊರಿನ ಹಸಿವಿಗೆ ದುಡಿದವಳು ಇವಳು. ಇನ್ನು ನಿನ್ನ ಮನೆಯಲ್ಲಿ ನೆಮ್ಮದಿಯಾಗಿ ಮಲಗಲಿ. ಎಂದೂ ಆರದ ನಿನ್ನ ಬೆಳಕು ಇವಳ ಮೇಲಿರಲಿ. ಆಮೆನ್.